ಹೆಂಡತಿಯ ಹೆಸರಿನ ಉಣ್ಣಿ

ಮೇಷ್ಟ್ರ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಆ ದಿನದ ಅಷ್ಟೂ ಅನಾಹುತಕ್ಕೆ ಮೂಲ ಇಷ್ಟೇ. ಸಿಕ್ಕಿದ್ದರೆ ಅವರು ಅಡುಗೆಮನೆಯಲ್ಲಿ ನಿಂತು ಮೆಲ್ಲಗೆ ಮಾತಾಡಿ, ಮೆಲ್ಲಗೆ ಅತ್ತು, ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಸಿಗದ್ದರಿಂದ ಎಂದಿನಂತೆ ಬಾಗಿಲ ಹೊರಗೆ ಬಂದು, ಮೆಟ್ಟಿಲ ಕಂಬಿಯಾಚೆ ಅರ್ಧ ಮೈ ಚಾಚಿ ಮಾತಾಡಬೇಕಾಯಿತು. ಆ ಹಳೆಯ ಕಟ್ಟಡದಲ್ಲಿ ಮೆಟ್ಟಿಲುಗಳ ಜಾಗ ಬಾವಿಯಿದ್ದ ಹಾಗೆ. ಮೇಲೆ ಕೆಮ್ಮಿದರೆ ಕೆಳಗೆ ಗುಡುಗು.

ಫೋನ್ ಮಾಡಿದವಳು ಅವರ ಹಳೆಯ ಶಿಷ್ಯೆ. ಈಗ ದೂರದ ಊರೊಂದರ ದೊಡ್ಡ ಪ್ರಯೋಗಾಲಯದಲ್ಲಿದ್ದಳು.

“ಸಾರ್, ಹೇಗೆ ಹೇಳ್ಬೇಕೋ ತಿಳೀತಿಲ್ಲ. ನಿಮ್ಮ ಉಡದ ಉಣ್ಣಿ ಇದೆಯಲ್ಲ, ಅದು ಬೇರೆ ಪ್ರಭೇದ ಅಲ್ಲ ಸಾರ್. ಹೆಬ್ಬಾವಿನ ಮೈಮೇಲಿರೋ ಉಣ್ಣೀನೇ ಅದು. ಉಡದ ಮೇಲೆ ಬೆಳೆದ್ರೆ ಬಡಕಲಾಗಿರುತ್ತೆ, ಹೆಬ್ಬಾವಿನ ಮೇಲೆ ಬೆಳೆದ್ರೆ ದಪ್ಪಗಾಗುತ್ತೆ. ಊಟದ ವ್ಯತ್ಯಾಸ, ಅಷ್ಟೆ. ಎರಡೂ ಒಂದೇ ಅಂದಮೇಲೆ ಹಳೇ ಹೆಸರೇ ನಿಲ್ಲುತ್ತೆ. ನೀವಿಟ್ಟ ಹೆಸರು…”

ಮೇಷ್ಟ್ರು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಹೋದಳಾ?” ಎಂದರು.

ಉಣ್ಣಿಯೊಂದು ಹೀಗೆ ‘ಅವಳು’ ಆಗಿದ್ದು ಹೇಗೆಂದು ಹೇಳಬೇಕು. ಮೇಷ್ಟ್ರು ಕೆಲಸ ಮಾಡುತ್ತಿದ್ದದ್ದು ಪ್ರಾಣಿಗಳ ಮ್ಯೂಸಿಯಮ್ಮಿನಲ್ಲಿ. ಅಲ್ಲಿಗೆ ಕಲಿಯಲು ಬರುತ್ತಿದ್ದ ಹುಡುಗ ಹುಡುಗಿಯರಿಂದ ಮೇಷ್ಟ್ರು ಎಂಬ ಹೆಸರು ಬಂದಿತ್ತು. ಅವರ ವಿಷಯ ಉಣ್ಣಿ. ಅದೂ ದನದ್ದಲ್ಲ, ನಾಯಿಯದಲ್ಲ. ದನದ ಉಣ್ಣಿಯನ್ನು ಓದಿಕೊಂಡವನಿಗೆ ಡೈರಿಯವರು ಕುರ್ಚಿ ಎಳೆದು ಕೂರಿಸುತ್ತಾರೆ. ನಾಯಿಯ ಉಣ್ಣಿಯನ್ನು ಓದಿಕೊಂಡವನಿಗೆ ನಾಯಿ ಸಾಕಿದವರು ಕಾಫಿ ಕೊಡುತ್ತಾರೆ. ಮೇಷ್ಟ್ರು ಆರಿಸಿಕೊಂಡದ್ದು ಹಾವು, ಉಡ, ಆಮೆಗಳ ಮೈಮೇಲಿನ ಉಣ್ಣಿಯನ್ನು. ಹೆಬ್ಬಾವಿಗೆ ತುರಿಕೆಯಾದರೆ ಅದು ಯಾರ ಹತ್ತಿರ ಬಂದು ಹೇಳಿಕೊಂಡೀತು? ಹೀಗಾಗಿ ಮೇಷ್ಟ್ರನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ.

ಇಡೀ ಆಯುಸ್ಸಿನಲ್ಲಿ ಅವರು ಹೊಸದೆಂದು ಕಂಡುಹಿಡಿದು ಹೆಸರಿಟ್ಟ ಪ್ರಭೇದ ಒಂದೇ ಒಂದು. ಉಡದ ಕಂಕುಳಲ್ಲಿ, ಹುರುಪೆಗಳ ಸಂದಿಯಲ್ಲಿ ಕಚ್ಚಿಕೊಂಡು ಕೂರುವ, ಎಳ್ಳಿಗಿಂತ ತುಸು ದೊಡ್ಡದಾದ, ಕಂದು ಬಣ್ಣದ ಉಣ್ಣಿ. ಆಗಷ್ಟೇ ಮದುವೆಯಾಗಿತ್ತು. ಪ್ರೀತಿ ಉಕ್ಕಿ ಅದಕ್ಕೆ ಹೆಂಡತಿಯ ಹೆಸರಿಟ್ಟರು. ವಿಷಯ ಕೇಳಿದ ಹೊಸ ಹೆಂಡತಿ ಮೊದಲು ನಾಚಿ ಕೆಂಪಾದಳು. ಆಮೇಲೆ ಚಿತ್ರ ನೋಡಿದಳು.

“ಇದಕ್ಕೆ ಕಣ್ಣೇ ಇಲ್ವಲ್ರೀ!”

“ಈ ಕುಲದಲ್ಲಿ ಯಾರಿಗೂ ಇರಲ್ಲ,” ಎಂದು ಮೇಷ್ಟ್ರು ಸಮಾಧಾನ ಹೇಳಿದರು. “ಅದೇ ಇದರ ಲಕ್ಷಣ.”

ಉಣ್ಣಿಯ ಕುಲದ ಬಗ್ಗೆ ಹೇಳಿದ್ದನ್ನು ತನ್ನ ಕುಲಕ್ಕೆ ಆಡಿದ ಮಾತೆಂದು ತಿಳಿದು ಅವಳು ಬಹಳ ದಿನ ಮಾತು ಬಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಜಗಳ ಯಾವುದರಿಂದ ಶುರುವಾದರೂ ಕೊನೆಗೆ ಉಡದ ಕಂಕುಳಿಗೇ ಹೋಗಿ ಕಚ್ಚಿಕೊಳ್ಳುತ್ತಿತ್ತು. ಮೇಷ್ಟ್ರು ಮಾತ್ರ, ಹೆಂಡತಿಯ ಹೆಸರಿಟ್ಟ ಮೇಲೆ ಅದನ್ನು ‘ಅದು’ ಎನ್ನಲು ನಾಲಿಗೆ ಏಳದೆ, ಇಪ್ಪತ್ತು ವರ್ಷಗಳಿಂದ ಆ ಉಣ್ಣಿಯನ್ನು ‘ಅವಳು’ ಎಂದೇ ಕರೆದುಕೊಂಡು ಬಂದಿದ್ದರು.

ಹೋದ ವಾರವೂ ಜಗಳವಾಗಿತ್ತು. ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಗುಳಿಗಳಲ್ಲಿ ಉಣ್ಣಿಯ ಸೀಸೆಗಳು ಸಾಲಾಗಿ ಕೂತಿದ್ದನ್ನು ಕಂಡ ಹೆಂಡತಿ ಬ್ಯಾಗು ತುಂಬಿಕೊಂಡು ಅಕ್ಕನ ಮನೆಗೆ ಹೊರಟುಹೋಗಿದ್ದಳು. ಕೇಳಿದವರಿಗೆ ಮೇಷ್ಟ್ರು, “ಅವಳಿಗೆ ಮೈಯಲ್ಲಿ ಅಷ್ಟು ಸರಿಯಿಲ್ಲ, ಅಕ್ಕನ ಮನೇಲಿದಾಳೆ,” ಎಂದು ಹೇಳಿದ್ದರು.

ಆದ್ದರಿಂದ ಆ ಬೆಳಗ್ಗೆ ಕೆಳಗಿನ ಮನೆಯ ದರ್ಜಿಯಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಅಂಗಿಯ ತೋಳು ಜೋಡಿಸುತ್ತಿದ್ದವಳು, ಮೇಲಿನಿಂದ ಉದುರಿ ಬಂದ ಮಾತುಗಳನ್ನು ಕೇಳಿ ಸೂಜಿಯನ್ನು ನುಂಗದೆ ಉಳಿದದ್ದೇ ಹೆಚ್ಚು.

“ಹೋದಳಾ?… ಯಾವಾಗ ಗೊತ್ತಾಯ್ತು?… ನೋವಾಗದೆ ಇರುತ್ತೇನಮ್ಮಾ, ಇಪ್ಪತ್ತು ವರ್ಷ ಜೊತೇಲಿದ್ದವಳು… ಇಲ್ಲ, ನಿನ್ನ ತಪ್ಪೇನಿಲ್ಲ. ನೀನು ಎಲ್ಲಾ ಪರೀಕ್ಷೆ ಮಾಡೇ ಹೇಳ್ತಿರ್ತೀಯ… ಆಯ್ತು. ಇಡ್ಲಾ?”

ದರ್ಜಿಯಮ್ಮ ಸೂಜಿಗಳನ್ನು ಅಂಗೈಗೆ ಉಗಿದು, ನೇರ ಸೆಕ್ರೆಟರಿಯ ಬಾಗಿಲು ಬಡಿದಳು.

ಸೆಕ್ರೆಟರಿ ಎಂದರೆ ಕಟ್ಟಡದ ನಿವಾಸಿಗಳ ಸಂಘದ ಸೆಕ್ರೆಟರಿ. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ನೀರಿನ ಟ್ಯಾಂಕಿನ ಬೀಗದ ಕೈ ಮತ್ತು ಬೇರೆಯವರ ಮನೆಯ ಕಷ್ಟಸುಖ. ಸುಖದಲ್ಲಿ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಕಷ್ಟಕ್ಕೆ ಯಾರಾದರೂ ಕರೆಯಲಿ ಎಂದು ಅವರು ಕಾಯುತ್ತಿರಲಿಲ್ಲ.

ಮೇಷ್ಟ್ರು ಅಂಗಿಯ ಗುಂಡಿ ಹಾಕುತ್ತ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ಇಬ್ಬರೂ ನಿಂತಿದ್ದರು.

“ಕೇಳಿ ಬಹಳ ಸಂಕಟ ಆಯ್ತು ಮೇಷ್ಟ್ರೇ,” ಎಂದರು ಸೆಕ್ರೆಟರಿ.

ಮೇಷ್ಟ್ರಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷದಲ್ಲಿ ಈ ಕಟ್ಟಡದಲ್ಲಿ ಒಬ್ಬರೂ ಅವರ ಕೆಲಸದ ಬಗ್ಗೆ ವಿಚಾರಿಸಿರಲಿಲ್ಲ. ಬೆಳಗ್ಗೆ ತಾನು ಕೂಗಿ ಮಾತಾಡಿದ್ದು ಕೇಳಿಸಿರಬೇಕು. ಕೇಳಿಸಿತೆಂದು ಹೀಗೆ ಬಂದು ನಿಂತಿದ್ದಾರಲ್ಲ ಎಂದು ಗುಂಡಿ ಹಾಕುವುದನ್ನೇ ಮರೆತರು.

“ನಿಮಗೂ ಗೊತ್ತಾಯ್ತಾ?”

“ಗೊತ್ತಾಗದೆ ಇರುತ್ತಾ? ನಾವೆಲ್ಲ ಒಂದೇ ಸೂರಿನ ಕೆಳಗಿರೋರು. ಏನಾಗಿತ್ತು?”

“ಬಹಳ ದಿನದಿಂದ ನನಗೇ ಒಂದು ಅನುಮಾನ ಇತ್ತು. ದೊಡ್ಡ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ವಿ. ಇವತ್ತು ಬೆಳಗ್ಗೆ ಹೇಳಿದ್ರು, ಇನ್ನೇನೂ ಉಳಿದಿಲ್ಲ ಅಂತ.”

“ಅಯ್ಯೋ ದೇವರೇ,” ಎಂದಳು ದರ್ಜಿಯಮ್ಮ. “ಮೊನ್ನೆ ಮೊನ್ನೆ ರವಿಕೆ ಅಳತೆ ಕೊಟ್ಟು ಹೋಗಿದ್ರು. ಈಗ ಎಲ್ಲಿ… ಎಲ್ಲಿದೆ ಮೇಷ್ಟ್ರೇ?”

“ಮ್ಯೂಸಿಯಮ್ಮಲ್ಲಿ. ಸ್ಪಿರಿಟ್ಟಿನಲ್ಲಿ ಹಾಕಿಟ್ಟಿದೀನಿ.”

ದರ್ಜಿಯಮ್ಮ ಗೋಡೆಗೆ ಒರಗಿಕೊಂಡಳು. ಸೆಕ್ರೆಟರಿಯ ಗಂಟಲ ಮಣಿ ಮೇಲೆ ಹೋದದ್ದು ಕೆಳಗಿಳಿಯಲು ಮರೆಯಿತು.

“ಪೂರ್ತೀನಾ?” ಎಂದರು ಕಷ್ಟಪಟ್ಟು.

“ಪರೀಕ್ಷೆಗೆ ಬೇಕು ಅಂದ್ರು ಅಂತ ಒಂದು ಕಾಲು ಮಾತ್ರ ಕಳಿಸಿಕೊಟ್ಟಿದ್ದೆ. ಉಳಿದದ್ದೆಲ್ಲ ಜೋಪಾನವಾಗಿದೆ.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಬರ್ತೀನಿ. ಹೋಗಿ ಅವಳ ಹೆಸರಿನ ಚೀಟಿ ನಾನೇ ಕೈಯಾರೆ ತೆಗೀಬೇಕು. ಬೇರೆಯವರು ತೆಗೆದ್ರೆ ನೋಡೋಕಾಗಲ್ಲ.”

ಅವರು ಮೆಟ್ಟಿಲಿಳಿದು ಹೋದ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದರು.

“ದೇಹದಾನ,” ಎಂದರು ಕೊನೆಗೆ ಸೆಕ್ರೆಟರಿ, ಕಣ್ಣಂಚು ಒರೆಸಿಕೊಳ್ಳುತ್ತ. “ವಿಜ್ಞಾನಕ್ಕೆ ಕೊಟ್ಟುಬಿಟ್ಟಿದಾರೆ. ದುಃಖದಲ್ಲಿ ಮನುಷ್ಯನ ಬುದ್ಧಿ ಸ್ವಲ್ಪ ಆಚೀಚೆ ಆಗಿದೆ. ಸಂಜೆ ನಾಲ್ಕು ಜನ ಸೇರಿ ಒಂದು ಸಭೆ ಮಾಡದಿದ್ರೆ ನಾವು ಮನುಷ್ಯರೇ ಅಲ್ಲ.” ಎಂದವರೇ ಕುರ್ಚಿ ಬಾಡಿಗೆಯವನಿಗೆ ಫೋನ್ ಮಾಡಿದರು. ಆಮೇಲೆ ಮ್ಯೂಸಿಯಮ್ಮಿಗೆ.

ಮ್ಯೂಸಿಯಮ್ಮಿನ ನಿರ್ದೇಶಕರು ದೊಡ್ಡ ಪ್ರಾಣಿಗಳ ಮನುಷ್ಯ. ಆನೆಯ ಅಸ್ಥಿಪಂಜರವನ್ನು ಎಲುಬು ಎಲುಬಾಗಿ ಪ್ರೀತಿಸುತ್ತಿದ್ದರು. ಮೇಷ್ಟ್ರ ವಿಭಾಗವನ್ನು ಇಷ್ಟು ದಿನ “ನಿಮ್ಮ ಆ ಹುಳ” ಎಂದೇ ಕರೆದವರು. ಇವತ್ತು ಮೇಷ್ಟ್ರನ್ನು ಕಂಡೊಡನೆ ಎದ್ದು ಬಂದು ಭುಜ ಹಿಡಿದು ಕೂರಿಸಿದರು.

“ಗೊತ್ತಾಯ್ತು ಮೇಷ್ಟ್ರೇ. ಎಲ್ಲಾ ವಿಭಾಗಕ್ಕೂ ತಿಳಿಸಿದೀನಿ. ನಿಮ್ಮ ಹಳೇ ವಿದ್ಯಾರ್ಥಿಗಳ ಗುಂಪಿಗೂ ಹಾಕಿಸಿದೀನಿ.”

“ಅಷ್ಟೆಲ್ಲ ಯಾಕೆ ಸಾರ್…”

“ಯಾಕೆ ಅಂದ್ರೆ? ಇದೇನು ಸಣ್ಣ ವಿಷಯಾನಾ?”

ಮೇಷ್ಟ್ರ ಕಣ್ಣು ಮಂಜಾಯಿತು. “ನಮ್ಮ ಕಸುಬಿನಲ್ಲಿ ಇದು ಆಗ್ತಾನೇ ಇರುತ್ತೆ ಸಾರ್. ಚೇಳಿನ ವಿಭಾಗದವರದು ಹೋದ ವರ್ಷ ಒಟ್ಟಿಗೆ ಮೂರು ಹೋದ್ವು. ಅವರು ಹೇಗೆ ತಡ್ಕೊಂಡ್ರೋ! ನನಗೆ ಇದ್ದದ್ದು ಇವಳೊಬ್ಬಳೇ.”

ಚೇಳಿನ ವಿಭಾಗದವರು ಬ್ರಹ್ಮಚಾರಿಯೆಂದು ನಿರ್ದೇಶಕರು ಇಲ್ಲಿಯವರೆಗೆ ನಂಬಿದ್ದರು. ಇಂಥ ಹೊತ್ತಿನಲ್ಲಿ ಅದನ್ನು ಕೆದಕುವುದು ಬೇಡವೆಂದು ಸುಮ್ಮನಾದರು.

“ಕೊನೆಗಾಲದಲ್ಲಿ ಜೊತೇಲಿ ಯಾರಿದ್ರು?”

“ನನ್ನ ಶಿಷ್ಯೆ ಸಾರ್. ಎಲ್ಲ ಅವಳ ಕೈಯಲ್ಲೇ ಆಗಿದ್ದು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬಿಡಿಸಿ ನೋಡಿದ್ದು, ತಾಳೆ ಹಾಕಿದ್ದು, ಎಲ್ಲಾ ಅಚ್ಚುಕಟ್ಟು. ಇವಳು ಉಡದ ಮೇಲೆ ಸಿಕ್ಕಿದವಳು ಅಂತ ನಾನು ಬೇರೆ ಅಂದ್ಕೊಂಡೆ. ಹೆಬ್ಬಾವಿನ ಮೇಲಿದ್ದ ಅದೇ ವಂಶ ಅಂತ ಅನ್ನಿಸಲೇ ಇಲ್ಲ. ನನ್ನ ಕಣ್ಣಿಗೇ ಏನಾಗಿತ್ತೋ.”

ನಿರ್ದೇಶಕರು ನಿಧಾನವಾಗಿ ನೀರಿನ ಲೋಟವನ್ನು ಮೇಷ್ಟ್ರ ಕಡೆಗೆ ಸರಿಸಿದರು. ದುಃಖ ತಲೆಗೇರಿದವರನ್ನು ಅವರು ಮೊದಲೂ ಕಂಡಿದ್ದರು. ಇಷ್ಟು ಎತ್ತರಕ್ಕೆ ಏರಿದ್ದನ್ನು ಕಂಡಿರಲಿಲ್ಲ.

“ಮಧ್ಯಾಹ್ನದಿಂದ ಮ್ಯೂಸಿಯಂ ಮುಚ್ಚಿಸ್ತೀನಿ,” ಎಂದರು.

ಮೇಷ್ಟ್ರು ತಲೆಯೆತ್ತಿ ನೋಡಿದರು. ತಿಮಿಂಗಿಲದ ಬೆನ್ನೆಲುಬು ಕಳಚಿ ಬಿದ್ದಾಗಲೂ ಮ್ಯೂಸಿಯಂ ಮುಚ್ಚಿರಲಿಲ್ಲ. ಒಂದು ಉಣ್ಣಿಗಾಗಿ, ಎಳ್ಳಿನಷ್ಟಿರುವ, ಕಣ್ಣಿಲ್ಲದ, ಈಗ ಹೆಸರೂ ಇಲ್ಲದ ಒಂದು ಉಣ್ಣಿಗಾಗಿ! ಅವರು ನಿರ್ದೇಶಕರ ಕೈ ಹಿಡಿದು ಒಂದು ಸಲ ಅಲುಗಿಸಿ ಎದ್ದುಬಂದರು.

ಸರೀಸೃಪಗಳ ಸಾಲಿನಲ್ಲಿ ಆಗಲೇ ದೀಪ ಆರಿಸಿದ್ದರು. ಕಿಟಕಿಯಿಂದ ಬರುವ ಮಸುಕು ಬೆಳಕಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಉಡ ಹುಲ್ಲು ತುಂಬಿದ ಹೊಟ್ಟೆಯ ಮೇಲೆ ಕೂತಿತ್ತು. ಅದರ ಕಾಲ ಬುಡದಲ್ಲಿ ಒಂದು ಪುಟ್ಟ ಸೀಸೆ, ಸೀಸೆಯಲ್ಲಿ ಅವಳು. ವಿಜ್ಞಾನದ ಭಾಷೆಯಲ್ಲಿ ಉಣ್ಣಿ ಕಚ್ಚುವ ಪ್ರಾಣಿಯನ್ನು ಆತಿಥೇಯ ಎನ್ನುತ್ತಾರೆ. ಅತಿಥಿಯನ್ನು ಕರೆದಿರಬೇಕೆಂಬ ನಿಯಮವಿಲ್ಲ, ಎದ್ದು ಹೋಗೆಂದು ಹೇಳುವ ಹಕ್ಕೂ ಆತಿಥೇಯನಿಗಿಲ್ಲ. ಈ ಮಾತನ್ನು ಮೇಷ್ಟ್ರು ಒಮ್ಮೆ ನಗುತ್ತ ಹೆಂಡತಿಗೆ ಹೇಳಿದ್ದರು. ಅವಳು ನಕ್ಕಿರಲಿಲ್ಲ. ಅವತ್ತು ಅವಳ ಅಕ್ಕನ ಸಂಸಾರ ಬಂದು ಮನೆಯಲ್ಲಿ ಉಳಿದಿತ್ತು.

ಪೆಟ್ಟಿಗೆ ತೆರೆದು ಹೆಸರಿನ ಚೀಟಿಯನ್ನು ತೆಗೆದರು. ಅಂಟು ಒಣಗಿಹೋಗಿತ್ತು, ಮುಟ್ಟಿದೊಡನೆ ಕೈಗೆ ಬಂತು. ಅಷ್ಟು ಸುಲಭವಾಗಿ ಬಂದದ್ದೇ ಅವರನ್ನು ಹೆಚ್ಚು ನೋಯಿಸಿತು. ಚೀಟಿಯಿದ್ದ ಜಾಗದಲ್ಲಿ ಧೂಳು ಹಿಡಿಯದ ಒಂದು ಬಿಳಿ ಚೌಕ ಉಳಿಯಿತು. ಹೆಂಡತಿಗೆ ಹೇಳಿದರೆ ಸಂತೋಷಪಟ್ಟಾಳು, ಪೀಡೆ ತೊಲಗಿತು ಅಂದಾಳು, ಆ ಸಂತೋಷದಲ್ಲಿ ಬಹುಶಃ ಮನೆಗೂ ಬಂದಾಳು ಎಂದುಕೊಂಡರು. ಹಾಗೆ ಅಂದುಕೊಂಡಾಗ ಸಮಾಧಾನವಾಗುವ ಬದಲು ಎದೆ ಇನ್ನಷ್ಟು ಭಾರವಾಯಿತು.

ಮನೆಯ ಹತ್ತಿರ ಬಂದಾಗ ಬಿಸಿಲು ಇಳಿಯುತ್ತಿತ್ತು. ಕಟ್ಟಡದ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಎಲ್ಲ ಮನೆಯವರೂ ಕೂತಿದ್ದರು. ಎದುರಿಗೊಂದು ಮೇಜು, ಮೇಜಿನ ಮೇಲೆ ಹೂವಿನ ರಾಶಿ, ಹೂವಿನ ಹಿಂದೆ ಒಂದು ಫೋಟೊ. ಸಂಘದವರು ಎಂದೋ ಕೆರೆಯ ದಡಕ್ಕೆ ಹೋಗಿದ್ದಾಗ ತೆಗೆದದ್ದು. ಗುಂಪಿನಿಂದ ಒಬ್ಬರನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದರಿಂದ ಮುಖ ಸ್ವಲ್ಪ ಮಸುಕಾಗಿ, ಭುಜದ ಮೇಲೆ ಬೇರೆ ಯಾರದೋ ಕೈ ಉಳಿದುಕೊಂಡಿತ್ತು. ಆದರೂ ಮೇಷ್ಟ್ರಿಗೆ ಗುರುತು ಹತ್ತಿತು.

ಅದು ಅವರ ಹೆಂಡತಿ.

ಬೆಳಗಿನಿಂದ ಕೇಳಿದ ಒಂದೊಂದು ಮಾತೂ ತಲೆಯೊಳಗೆ ಒಂದೊಂದಾಗಿ ಮಗ್ಗುಲು ಬದಲಿಸಿತು. ಸೆಕ್ರೆಟರಿಯ ಸಂಕಟ, ದರ್ಜಿಯಮ್ಮನ ರವಿಕೆ ಅಳತೆ, ನಿರ್ದೇಶಕರ ನೀರಿನ ಲೋಟ. ಮ್ಯೂಸಿಯಂ ಮುಚ್ಚಿದ್ದು ಉಣ್ಣಿಗಲ್ಲ! ಮೊದಲು ಮೇಷ್ಟ್ರಿಗಾದದ್ದು ಗಾಬರಿಯಲ್ಲ, ಅವಮಾನ. ಗಾಬರಿ ಅದರ ಹಿಂದೆಯೇ ಬಂತು.

“ಸೆ… ಸೆಕ್ರೆಟರಿಯವರೇ, ಇದು ತಪ್ಪಾಗಿದೆ…”

“ಎಲ್ಲಾರಿಗೂ ಹಾಗೇ ಅನ್ಸುತ್ತೆ ಮೇಷ್ಟ್ರೇ, ಇದು ತಪ್ಪು, ಅನ್ಯಾಯ ಅಂತ. ಕೂತ್ಕೊಳ್ಳಿ.” ಸೆಕ್ರೆಟರಿ ಅವರನ್ನು ಮೊದಲ ಸಾಲಿನ ಕುರ್ಚಿಗೆ ಒತ್ತಿ ಕೂರಿಸಿ, ಕೆಮ್ಮಿ ಭಾಷಣ ಶುರುಮಾಡಿದರು. ಅವರ ಭಾಷಣಕ್ಕೆ ಆರಂಭವಿತ್ತು, ಬೇರೇನೂ ಇರಲಿಲ್ಲ. ಮೇಷ್ಟ್ರು ಏಳಲು ಹೋದಾಗೆಲ್ಲ ಹಿಂದಿನ ಸಾಲಿನ ಕೈಗಳು ಭುಜ ಒತ್ತಿ ಕೂರಿಸಿದವು. ಬಾಯಿ ತೆರೆದಾಗೆಲ್ಲ ಯಾರಾದರೂ ಬಾಯಿಗೆ ನೀರು ಹಿಡಿದರು.

ಆಮೇಲೆ ದರ್ಜಿಯಮ್ಮ ಎದ್ದು ನಿಂತಳು. ಅವಳಿಗೆ ಭಾಷಣ ಬರುತ್ತಿರಲಿಲ್ಲ. ಸೆರಗಿನ ಅಂಚನ್ನು ಹೊಲಿಗೆ ನೋಡುವವಳಂತೆ ತಿರುಗಿಸುತ್ತ ಹೇಳಿದಳು:

“ಅಳತೆ ಕೊಡೋಕೆ ಬಂದಾಗೆಲ್ಲ ಅವರು ಒಂದೇ ಮಾತು ಹೇಳೋರು. ‘ನೋಡು, ನಾವೆಲ್ಲ ಒಂದಿನ ಹೋಗೋರೇ. ಆದ್ರೆ ನಮ್ಮ ಯಜಮಾನ್ರು ನನ್ನ ಹೆಸರು ಭೂಮಿ ಮೇಲೆ ಶಾಶ್ವತವಾಗಿ ಉಳಿಯೋ ಹಾಗೆ ಮಾಡಿದಾರೆ. ಪ್ರಪಂಚದ ಯಾವ ಮೂಲೇಲಿ ಪುಸ್ತಕ ತೆಗೆದ್ರೂ ನನ್ನ ಹೆಸರಿರುತ್ತೆ. ಯಾವ ಗಂಡ ಮಾಡ್ತಾನೆ ಹೇಳು?’ ಅನ್ನೋರು. ಯಾವುದಕ್ಕೆ ಹೆಸರಿಟ್ಟಿದಾರೆ ಅಂತ ಮಾತ್ರ ಹೇಳ್ತಿರಲಿಲ್ಲ. ಚಿಟ್ಟೆಗೋ ಏನೋ. ಅದನ್ನ ಹೇಳುವಾಗ ಅವರ ಮುಖ ನೋಡ್ಬೇಕಿತ್ತು.”

ಮೇಷ್ಟ್ರು ಏಳುವ ಪ್ರಯತ್ನ ಬಿಟ್ಟರು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆ ಮುಖವನ್ನು ಅವರು ನೋಡಿರಲಿಲ್ಲ. ತಮ್ಮ ಹತ್ತಿರ ಕಣ್ಣಿಲ್ಲದ ಹುಳ ಎಂದು ಕುಟುಕಿದವಳು, ಕೆಳಗಿನ ಮನೆಗೆ ಹೋಗಿ ಹೀಗೆ ಹೇಳಿಕೊಳ್ಳುತ್ತಿದ್ದಳೇ? ಜೇಬಿನಲ್ಲಿದ್ದ ಹೆಸರಿನ ಚೀಟಿ ಎದೆಗೆ ಚುಚ್ಚಿತು. ಅವರು ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅವರ ಜೊತೆ ಅಂಗಳಕ್ಕೆ ಅಂಗಳವೇ ಅತ್ತಿತು.

ಆ ಅಳುವಿನ ಮಧ್ಯೆ ಗೇಟು ಕಿರುಗುಟ್ಟಿದ್ದು ಯಾರಿಗೂ ಕೇಳಲಿಲ್ಲ. ಬ್ಯಾಗು ಹಿಡಿದು ಒಳಬಂದವಳು ಮೊದಲು ಕುರ್ಚಿಗಳನ್ನು ನೋಡಿದಳು. ಆಮೇಲೆ ಅಳುತ್ತಿರುವ ಗಂಡನನ್ನು. ಆಮೇಲೆ ಹೂವಿನ ಹಿಂದಿನ ಫೋಟೊವನ್ನು.

“ಇದೇನ್ರೀ ಇದು? ಒಂದು ವಾರ ಅಕ್ಕನ ಮನೇಲಿದ್ದು ಬರೋದ್ರೊಳಗೆ ನನ್ನ ಸಾಯ್ಸಿಬಿಟ್ರಾ?”

ಕುರ್ಚಿಗಳು ಒಂದರ ಮೇಲೊಂದು ಬಿದ್ದವು. ಯಾರೋ ಕಿರುಚಿದರು. ದರ್ಜಿಯಮ್ಮ ಓಡಿಹೋಗಿ ಮೇಷ್ಟ್ರ ಹೆಂಡತಿಯ ಎರಡೂ ಕಾಲುಗಳನ್ನು ಮುಟ್ಟಿ ನೋಡಿ, “ಎರಡೂ ಇದೆ!” ಎಂದು ಕೂಗಿದಳು.

ವಿವರಿಸುವುದು ಸುಲಭವಾಗಿರಲಿಲ್ಲ. ಮೇಷ್ಟ್ರು ವರ್ಗೀಕರಣಶಾಸ್ತ್ರದಿಂದ ಶುರುಮಾಡಿದರು. ಉಡ, ಹೆಬ್ಬಾವು, ಹಳೆಯ ಹೆಸರಿಗೆ ಮೊದಲ ಹಕ್ಕು, ಎಲ್ಲವನ್ನೂ ಹೇಳಿದರು. ಅಂಗಳದವರಿಗೆ ಅಷ್ಟರಲ್ಲಿ ತಿಳಿದದ್ದು ಒಂದೇ: ತಾವು ಕೆಲಸ ಬಿಟ್ಟು, ಹೂವು ತಂದು ಅತ್ತದ್ದು ಒಂದು ಉಣ್ಣಿಗೆ.

“ಉಣ್ಣಿ,” ಎಂದರು ಸೆಕ್ರೆಟರಿ. “ನಾನು ಮಾಡಿದ ಭಾಷಣ ಉಣ್ಣಿಗೆ.”

“ಚಿಟ್ಟೆ ಅಲ್ವಾ?” ಎಂದಳು ದರ್ಜಿಯಮ್ಮ, ಮೇಷ್ಟ್ರ ಹೆಂಡತಿಯ ಮುಖವನ್ನೇ ನೋಡುತ್ತ.

ಮೇಷ್ಟ್ರ ಹೆಂಡತಿ ಮೇಜಿನ ಮೇಲಿದ್ದ ತನ್ನ ಫೋಟೊ ಎತ್ತಿ ಕಂಕುಳಿಗಿಟ್ಟುಕೊಂಡು, ಯಾರ ಕಡೆಗೂ ನೋಡದೆ ಮೆಟ್ಟಿಲು ಹತ್ತಿದಳು. ಮೇಷ್ಟ್ರು ಬ್ಯಾಗು ಹೊತ್ತು ಹಿಂದೆ ನಡೆದರು. ಬೆನ್ನ ಹಿಂದೆ ಕುರ್ಚಿಗಳನ್ನು ಒಂದರೊಳಗೊಂದು ಕುಕ್ಕುವ ಸದ್ದು ಕೇಳುತ್ತಿತ್ತು. ಒಂದೊಂದು ಕುಕ್ಕಿನಲ್ಲೂ ಸಿಟ್ಟಿತ್ತು.

ಮನೆಯೊಳಗೆ ಬಂದ ಮೇಲೆ ಅವಳು ಫೋಟೊವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಕೂತಳು. ಮೇಷ್ಟ್ರು ಬೈಗುಳಕ್ಕೆ ತಲೆಬಗ್ಗಿಸಿ ನಿಂತಿದ್ದರು. ಬೈಗುಳ ಬರಲಿಲ್ಲ.

“ನಿಜವಾಗ್ಲೂ ಹೋಯ್ತಾ?” ಎಂದಳು.

“ಹೋಯ್ತು.”

“ಎಲ್ಲಾ ಪುಸ್ತಕದಿಂದಾನೂ?”

“ಹಳೇ ಪುಸ್ತಕದಲ್ಲಿರುತ್ತೆ. ಹೊಸದರಲ್ಲಿ, ಹಿಂದೆ ತಪ್ಪಾಗಿ ಹೀಗೂ ಕರೀತಿದ್ರು ಅಂತ ಸಣ್ಣಕ್ಷರದಲ್ಲಿ ಹಾಕ್ತಾರೆ.”

ಅವಳ ಕಣ್ಣಿಂದ ಎರಡು ಹನಿ ಉದುರಿದವು. “ನನಗೇನು ಮಕ್ಕಳಾ ಮರೀನಾ? ಅದೊಂದಾದ್ರೂ ಇತ್ತು. ಹುಳವಾದ್ರೂ ಇರ್ಲಿ ಅಂದ್ಕೊಂಡಿದ್ದೆ.”

ಮೇಷ್ಟ್ರು ಪಕ್ಕದಲ್ಲಿ ಕೂತರು. ಜೇಬಿನಿಂದ ಹೆಸರಿನ ಚೀಟಿ ತೆಗೆದು ಅವಳ ಕೈಯಲ್ಲಿಟ್ಟರು. ಅವಳು ಅದನ್ನು ಓದಿ, ಮಡಿಸದೆ, ಅಂಗೈಯಲ್ಲಿ ಹಾಗೇ ಹಿಡಿದುಕೊಂಡಳು. ಎಷ್ಟೋ ವರ್ಷದ ಮೇಲೆ ಇಬ್ಬರಿಗೂ ಒಂದೇ ದುಃಖವಿತ್ತು. ಅದು ಸುಖದ ಹಾಗೆಯೇ ಕಾಣುತ್ತಿತ್ತು.

“ಚಹಾ ಮಾಡ್ತೀರಾ?” ಎಂದಳು. “ಹಾಗೇ ಆ ಸೀಸೆಗಳು ಫ್ರಿಜ್ಜಿನಲ್ಲೇ ಇರ್ಲಿ ಬಿಡಿ. ಕೆಳಗಿನ ಖಾನೆಗೆ ಹಾಕಿ.”

ಮೇಷ್ಟ್ರು ಒಲೆ ಹೊತ್ತಿಸಲು ಒಳಗೆ ಓಡಿದರು. ಫೋನು ಹೊರಗೆ ಮೆಟ್ಟಿಲ ಬಳಿಯ ಕಟ್ಟೆಯ ಮೇಲಿತ್ತು. ಬಾಗಿಲ ಬೀಗ ತೆಗೆಯುವಾಗ ಅಲ್ಲಿಟ್ಟು ಮರೆತಿದ್ದರು. ಅದು ಹೊಡೆದುಕೊಳ್ಳತೊಡಗಿತು. ಹೆಂಡತಿ ಹೋಗಿ ಎತ್ತಿಕೊಂಡಳು.

“ಹಲೋ, ಯಾರು?”

“ನಾನು ಮೇಷ್ಟ್ರ ಶಿಷ್ಯೆ. ಸಾರ್ ಇಲ್ವಾ? ನೀವ್ಯಾರು ಮಾತಾಡ್ತಿರೋದು?”

“ಅವರ ಹೆಂಡತಿ.”

ಆ ಕಡೆಯಿಂದ, “ಇಷ್ಟು ಬೇಗಾನಾ?” ಎಂಬ ಮಾತು ಕೇಳಿಸಿತು.

ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಚಹಾ ಉಕ್ಕಿ ಒಲೆ ಆರಿತು. ಮೇಷ್ಟ್ರು ಬಂದು ಫೋನ್ ತೆಗೆದುಕೊಂಡಾಗ ಶಿಷ್ಯೆ ಅಳುತ್ತಿದ್ದಳು.

“ಸಾರ್, ದೊಡ್ಡ ತಪ್ಪು ಮಾಡಿಬಿಟ್ಟೆ. ಮಧ್ಯಾಹ್ನ ಗುಂಪಿನಲ್ಲಿ ಸುದ್ದಿ ಬಂತು, ಅಮ್ಮಾವರು ಹೋದ್ರು ಅಂತ. ಅವರ ಹೆಸರು ಅಳಿಸಿದ ದಿನವೇ! ನನ್ನ ಎದೆ ಒಡೆದುಹೋಯ್ತು. ಆಮೆ ಮೇಲೆ ಇನ್ನೊಂದು ಉಣ್ಣಿ ಸಿಕ್ಕಿದೆ ಸಾರ್, ನಿಜವಾಗಿ ಹೊಸದು. ಒಂದೇ ಒಂದು ಗಂಡು, ಒಂಟಿಯಾಗಿ ಚಿಪ್ಪಿನ ಸಂದೀಲಿ ಕೂತಿತ್ತು. ಲೇಖನ ಇವತ್ತೇ ಹೊರಗೆ ಬರೋದಿತ್ತು. ಕೊನೇ ಗಳಿಗೇಲಿ ಹೆಸರು ಬದಲಾಯಿಸಿದೆ. ಅಮ್ಮಾವರ ಹೆಸರಿಡೋಣ ಅಂದ್ರೆ, ಒಂದು ಕುಲದಲ್ಲಿ ಒಂದು ಸಲ ಬಳಸಿದ ಹೆಸರು ಮತ್ತೆ ಬಳಸೋ ಹಾಗಿಲ್ಲ, ನಿಮಗೇ ಗೊತ್ತಲ್ಲ. ಅದಕ್ಕೆ ನಿಮ್ಮನ್ನ ನೆನೆಸ್ಕೊಂಡು… ವಿಧುರ ಅನ್ನೋ ಅರ್ಥ ಬರೋ ಹೆಸರಿಟ್ಟೆ ಸಾರ್. ಈಗ ಪ್ರಕಟ ಆಗಿಹೋಗಿದೆ.”

ಮೇಷ್ಟ್ರು ಫೋನ್ ಇಟ್ಟರು. ಹೆಂಡತಿ ನೋಡುತ್ತ ನಿಂತಿದ್ದಳು. ಮೇಷ್ಟ್ರಿಗೆ ಜೀವಮಾನದಲ್ಲಿ ಒಂದು ವಿಷಯದಲ್ಲಿ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದು ಉಣ್ಣಿಯ ಹೆಸರಿನ ವಿಷಯ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ವಿಧುರ ಅಂದ್ರೆ, ಹೆಂಡತಿ ಸತ್ತವನು.”

“ಹೌದು.”

“ನೀವು.”

“ನಾನೇ.”

“ಬದಲಾಯಿಸೋಕೆ ಹೇಳಿ.”

“ಆಗಲ್ಲ. ಪ್ರಕಟ ಆದ ಹೆಸರು ಹೊಂದದೆ ಇದ್ರೂ, ಸುಳ್ಳೇ ಆಗಿದ್ರೂ ಹಾಗೇ ನಿಲ್ಲುತ್ತೆ. ಅದು ನಿಯಮ. ಇನ್ನು ಪ್ರಪಂಚ ಇರೋವರೆಗೂ…”

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಮೇಷ್ಟ್ರ ಮುಖದಲ್ಲಿ ಅವರಿಗೇ ತಿಳಿಯದಂತೆ ಏನೋ ಹರಡತೊಡಗಿತ್ತು. ಆಮೆಯ ಚಿಪ್ಪಿನ ಸಂದಿಯಲ್ಲಿ ಒಂಟಿಯಾಗಿ ಕೂತ ಆ ಗಂಡು ಉಣ್ಣಿ ಕಣ್ಣಿಗೆ ಕಟ್ಟಿತ್ತು. ಯಾರೂ ಹುಡುಕಿಕೊಂಡು ಬಾರದ ಮನುಷ್ಯನನ್ನು ಯಾರೋ ನೆನೆದು ಹೆಸರಿಟ್ಟಿದ್ದರು.

“ನಿಮಗೆ ಖುಷಿಯಾಗಿದೆಯಾ?” ಎಂದಳು ಹೆಂಡತಿ.

ಮೇಷ್ಟ್ರು ಯೋಚಿಸಿದರು. “ಸ್ವಲ್ಪ,” ಎಂದರು.

ಹೆಂಡತಿ ಅಂಗೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಬಹಳ ಮೆಲ್ಲಗೆ ಮಾತಾಡಿದಳು. ಕೂಗಿದ್ದರೆ ಮೇಷ್ಟ್ರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

“ನನ್ನ ಹೆಸರು ತೆಗೆದವಳೂ ಅವಳೇ. ನಿಮಗೆ ಹೆಸರಿಟ್ಟವಳೂ ಅವಳೇ. ನಾನು ಸತ್ತೆ ಅಂತ ಒಳ್ಳೇ ಹೊತ್ತು ನೋಡಿ ಇಟ್ಟಿದಾಳೆ. ಬದಲಾಯಿಸೋಕಾಗಲ್ಲ ಅಂದ್ರಲ್ಲ? ಸರಿ. ಹೆಸರಿಗೆ ತಕ್ಕ ಹಾಗೆ ಇರಿ.”

ಬ್ಯಾಗನ್ನು ಇನ್ನೂ ಬಿಚ್ಚಿರಲಿಲ್ಲ. ಅದೊಂದು ಅನುಕೂಲವಾಯಿತು. ಸಂಜೆಯ ಬಸ್ಸು ಸಿಗುವ ಹೊತ್ತಿಗೆ ಅವಳು ಗೇಟು ದಾಟಿದ್ದಳು.

ಮೇಷ್ಟ್ರು ಹಿಂದೆ ಓಡಿದರು. ಬೀದಿಯ ತುದಿಯವರೆಗೂ ಹೋಗಿ, ಬಸ್ಸಿನ ಹಿಂಭಾಗವನ್ನಷ್ಟೇ ಕಂಡು ವಾಪಸು ಬಂದರು. ಅಂಗಳ ಖಾಲಿಯಾಗಿತ್ತು. ಅಲ್ಲಲ್ಲಿ ಹೂವಿನ ಎಸಳು ಬಿದ್ದಿದ್ದವು. ದರ್ಜಿಯಮ್ಮನ ಮಿಷನ್ನಿನ ಸದ್ದು ಅವರ ಹೆಜ್ಜೆ ಕೇಳಿದೊಡನೆ ನಿಂತು, ಕಿಟಕಿ ಮುಚ್ಚಿಕೊಂಡಿತು. ಮೆಟ್ಟಿಲ ಬುಡದಲ್ಲಿ ಸೆಕ್ರೆಟರಿ ಕಸಬರಿಗೆ ಹಿಡಿದು ನಿಂತಿದ್ದರು. ಮುಖ ತಿರುಗಿಸಿಕೊಂಡು ಗುಡಿಸುತ್ತಿದ್ದರು.

ಮೇಷ್ಟ್ರಿಗೆ ಯಾರಿಗಾದರೂ ಹೇಳಬೇಕಿತ್ತು. ಕಂಬಿ ಹಿಡಿದು ನಿಂತರು.

“ಸೆಕ್ರೆಟರಿಯವರೇ, ನನ್ನ ಹೆಂಡತಿ ಹೋದಳು.”

ಸೆಕ್ರೆಟರಿ ಗುಡಿಸುವುದನ್ನು ನಿಲ್ಲಿಸಲಿಲ್ಲ.

“ಇವತ್ತಿಗೆ ಇನ್ನು ಆಗಲ್ಲ ಮೇಷ್ಟ್ರೇ,” ಎಂದರು. “ಕುರ್ಚಿ ಎಲ್ಲಾ ವಾಪಸ್ ಕಳಿಸಿಬಿಟ್ಟಿದೀನಿ.”